ಗಾಳಿಗೆ ಸಹಿ ಹಾಕುವ ಮುನ್ನ

‘ಗಾಳಿ ಬಂದಾಗ ತೂರಿಕೊ’ ಎಂಬ ಗಾದೆ ಹುಟ್ಟಿದ್ದು ಕಣದಲ್ಲಿ. ಜೋಳವೋ ಸಜ್ಜೆಯೋ ತೊಗರಿಯೋ ರಾಶಿಯಾಗಿ ಬಿದ್ದಿರುವಾಗ, ಮೆಟ್ಟಿನ ಮೇಲೆ ಮೊರ ಹಿಡಿದು ನಿಂತವನು ಗಾಳಿಯ ದಾರಿ ಕಾಯಬೇಕಾಗಿತ್ತು. ಗಾಳಿ ಬಂತೆಂದರೆ ಕಾಳು ಕಾಲಬುಡಕ್ಕೆ, ಹೊಟ್ಟು ದೂರಕ್ಕೆ. ರಾಶಿ ಮಾಡುವ ಯಂತ್ರಗಳು ಬಂದ ಮೇಲೆ ಈ ನೋಟ ನಮ್ಮ ಮಕ್ಕಳಿಗೆ ಕೇವಲ ಕತೆಯಾಗಿದೆ. ಆದರೂ ಒಂದು ಸಂಗತಿಯನ್ನು ನೆನೆಯಬೇಕು. ಆ ಗಾಳಿಗೆ ಯಾರೂ ಬಾಡಿಗೆ ಕೊಟ್ಟವರಲ್ಲ, ಯಾರೂ ಬಾಡಿಗೆ ಪಡೆದವರಲ್ಲ. ನೆಲಕ್ಕೆ ಕಂದಾಯವಿತ್ತು, ನೀರಿಗೆ ಕರವಿತ್ತು, ಗಾಳಿಯನ್ನು ಮಾತ್ರ ಯಾವ ಪಹಣಿಯಲ್ಲಿಯೂ ಬರೆದಿರಲಿಲ್ಲ. ಸುರಪುರ ಸೀಮೆಯ ಮುದನೂರಿನವರೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುವ ದೇವರ ದಾಸಿಮಯ್ಯನವರು ನೆಲ ಮತ್ತು ಬೆಳೆಗಳ ಜೊತೆಯಲ್ಲಿಯೇ ಗಾಳಿಯನ್ನೂ ದೇವರ ಕೊಡುಗೆಗಳ ಸಾಲಿನಲ್ಲಿ ಎಣಿಸಿದರು.

ಈಗ ಗಾಳಿಗೂ ಕಾಗದಪತ್ರಗಳು ಬಂದಿವೆ. 2024-25ರ ಆರ್ಥಿಕ ವರ್ಷದಲ್ಲಿ ಹೊಸದಾಗಿ 1,331 ಮೆಗಾವಾಟ್ ಪವನ ವಿದ್ಯುತ್ ಸಾಮರ್ಥ್ಯವನ್ನು ಸ್ಥಾಪಿಸಿ ನಮ್ಮ ರಾಜ್ಯವು ದೇಶದಲ್ಲಿಯೇ ಮೊದಲ ಸ್ಥಾನ ಪಡೆಯಿತು. ರಾಜ್ಯದ ಒಟ್ಟು ಪವನ ಸಾಮರ್ಥ್ಯ 7,300 ಮೆಗಾವಾಟನ್ನು ದಾಟಿತು. ಇದು ಹೆಮ್ಮೆಯ ಸುದ್ದಿಯೇ. ಆದರೆ ಇದೇ ಕಾಲದಲ್ಲಿ ಗದಗ, ಕೊಪ್ಪಳ ಜಿಲ್ಲೆಗಳ ಹಳ್ಳಿಗಳಿಂದ ಇನ್ನೊಂದು ಬಗೆಯ ಸುದ್ದಿಯೂ ಬರುತ್ತಿದೆ. ಗಾಳಿಯಂತ್ರದ ಭಾರೀ ವಾಹನಗಳು ಊರ ದಾರಿಯನ್ನು ಹಾಳುಗೆಡಹಿದವು, ಕೇಳದೆ ಬದು ಒಡೆದರು, ಹೇಳಿದ ಹಣ ಕೊಡಲಿಲ್ಲ, ಹೊಲದ ಮೇಲೆ ತಂತಿ ಎಳೆದರು ಎಂದು ರೈತರು ಬೀದಿಗೆ ಇಳಿದಿದ್ದಾರೆ. ಹೊಗೆಯಿಲ್ಲದ, ಬೂದಿಯಿಲ್ಲದ, ಕಲ್ಲಿದ್ದಲು ಬೇಡದ ಈ ವಿದ್ಯುತ್ತಿಗೂ ವಿರೋಧವೇ ಎಂದು ಪಟ್ಟಣದವರು ಹುಬ್ಬೇರಿಸುತ್ತಾರೆ. ಹುಬ್ಬೇರಿಸುವ ಮುನ್ನ ಒಮ್ಮೆ ಹೊಲದ ಬದುವಿನ ಮೇಲೆ ನಿಂತು ನೋಡುವುದು ಒಳಿತೆಂದು ನಮ್ಮ ಭಾವನೆ.

ಯಾದಗಿರಿ, ಶಹಾಪುರ, ಸುರಪುರಗಳ ವಾಚಕ ಬಂಧುಗಳು ಇದು ಗದಗಿನ ಮಾತು, ಚಿತ್ರದುರ್ಗದ ಮಾತು, ನಮಗೇಕೆ ಎಂದು ಕೇಳಬಹುದು. ಇದುವರೆಗೆ ಅದು ಒಂದು ಮಟ್ಟಿಗೆ ನಿಜವೂ ಆಗಿತ್ತು. ಮೊದಲ ತಲೆಮಾರಿನ ಗಾಳಿಯಂತ್ರಗಳು ಕುಳ್ಳು. ಅವಕ್ಕೆ ಜೋರು ಗಾಳಿಯ ಗುಡ್ಡದ ನೆತ್ತಿಯೇ ಬೇಕಾಗಿತ್ತು. ಆದ್ದರಿಂದಲೇ ಚಿತ್ರದುರ್ಗದ ಜೋಗಿಮಟ್ಟಿಯನ್ನೂ ಗದಗಿನ ಕಪ್ಪತಗುಡ್ಡವನ್ನೂ ಅವು ಹುಡುಕಿಕೊಂಡು ಹೋದವು. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ನಮ್ಮ ಬಯಲು ಅವುಗಳ ಕಣ್ಣಿಗೆ ಬೀಳಲಿಲ್ಲ. ಇಂದಿನ ಯಂತ್ರದ ಕಂಬವೇ ಸುಮಾರು 140 ಮೀಟರ್, ರೆಕ್ಕೆ ಸುಮಾರು 70 ಮೀಟರ್. ವಿಜಯಪುರದ ಗೋಲಗುಂಬಜದ ಎತ್ತರ ಸುಮಾರು 51 ಮೀಟರ್. ಅಂಥ ನಾಲ್ಕು ಗುಂಬಜಗಳನ್ನು ಒಂದರ ಮೇಲೊಂದು ಇರಿಸಿದರೆ ರೆಕ್ಕೆಯ ತುದಿಗೆ ಹತ್ತಿರವಾದೀತು.

ಎತ್ತರ ಹೆಚ್ಚಿದಂತೆ ಗಾಳಿಯ ವೇಗ ಹೆಚ್ಚುತ್ತದೆ. ಗಾಳಿಯ ವೇಗ ಸ್ವಲ್ಪವೇ ಹೆಚ್ಚಿದರೂ ಅದರಲ್ಲಿರುವ ಶಕ್ತಿ ಬಹಳ ಹೆಚ್ಚುತ್ತದೆ. ಸೆಕೆಂಡಿಗೆ ಆರು ಮೀಟರ್ ಬೀಸುವ ಗಾಳಿ ಏಳು ಮೀಟರಿಗೆ ಏರಿದರೆ ಶಕ್ತಿ ಒಂದೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆಂಬುದು ಭೌತಶಾಸ್ತ್ರದ ಲೆಕ್ಕ. ಚೆನ್ನೈನಲ್ಲಿರುವ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯು ಕರ್ನಾಟಕದ ಗಾಳಿಯ ಸಾಧ್ಯತೆಯನ್ನು 100 ಮೀಟರ್ ಎತ್ತರದಲ್ಲಿ ಸುಮಾರು 56 ಸಾವಿರ ಮೆಗಾವಾಟ್ ಎಂದು ಅಂದಾಜಿಸಿತ್ತು. 120 ಮೀಟರಿಗೆ ಅದೇ ಅಂದಾಜು 124 ಸಾವಿರವಾಯಿತು, 150 ಮೀಟರಿಗೆ 169 ಸಾವಿರ. ರಾಜ್ಯದ ಗಾಳಿ ಬದಲಾಗಲಿಲ್ಲ, ಕಂಬ ಬೆಳೆಯಿತು. ಕಂಬ ಬೆಳೆದಂತೆಲ್ಲ ಹಿಂದೆ ಲೆಕ್ಕಕ್ಕೆ ಬಾರದಿದ್ದ ಬಯಲು ಸೀಮೆಯೂ ಲೆಕ್ಕಕ್ಕೆ ಬರುತ್ತದೆ. ಇಂದು ಗದಗಿನವರು ಕೇಳುತ್ತಿರುವ ಪ್ರಶ್ನೆಗಳನ್ನು ನಾಳೆ ನಾವೂ ಕೇಳಬೇಕಾದೀತು ಎಂದು ನಾವು ಹೇಳುವುದು ಇದರಿಂದಾಗಿ.

ಮೊದಲಿಗೆ ಹುರುಳಿಲ್ಲದ ವಿರೋಧದ ಮಾತನ್ನು ಮುಗಿಸಿಬಿಡೋಣ. ಗಾಳಿಯಂತ್ರಗಳು ಮೋಡಗಳನ್ನು ಓಡಿಸುತ್ತವೆ, ಅದರಿಂದ ಮಳೆ ಹೋಯಿತು ಎಂಬ ಮಾತು ಮಹಾರಾಷ್ಟ್ರದ ಸಾತಾರಾ, ಸಾಂಗ್ಲಿಗಳ ಕಡೆ ಬರಗಾಲದ ವರ್ಷಗಳಲ್ಲಿ ಬಲವಾಗಿ ಕೇಳಿಬಂದಿತ್ತು. ನಮ್ಮ ಬಯಲು ಸೀಮೆಯಲ್ಲಿಯೂ ಅದನ್ನು ನಂಬುವವರಿದ್ದಾರೆ. ಮುಂಗಾರಿನ ಮೋಡವು ಅರಬ್ಬೀ ಸಮುದ್ರದ ಮೇಲಿನಿಂದ ನೂರಾರು ಹರದಾರಿ ಸಾಗಿ ಬರುವಂಥದು. ಮಳೆ ಸುರಿಸುವ ಮೋಡದ ದಪ್ಪವೇ ಕಿಲೋಮೀಟರುಗಟ್ಟಲೆ. ಇನ್ನೂರು ಮೀಟರಿನ ಯಂತ್ರ ಅದನ್ನು ಓಡಿಸಲಾರದು. ಯಾದಗಿರಿ ಜಿಲ್ಲೆಗೆ ಬರ ಹೊಸತಲ್ಲ, ಯಂತ್ರಗಳು ಹುಟ್ಟುವ ಮೊದಲಿನಿಂದಲೂ ನಮ್ಮ ಜನ ಗುಳೆ ಹೋಗಿದ್ದಾರೆ. ಇಂಥ ಮಾತನ್ನು ಮುಂದಿಟ್ಟುಕೊಂಡು ಜಗಳಕ್ಕೆ ನಿಂತರೆ ನಷ್ಟ ನಮಗೇ. ಏಕೆಂದರೆ ಎದುರು ಕುಳಿತವರು ಈ ಒಂದು ಮಾತಿಗೆ ನಕ್ಕು, ನಮ್ಮ ಉಳಿದ ನಿಜವಾದ ಮಾತುಗಳನ್ನೂ ಅದರೊಂದಿಗೇ ತಳ್ಳಿಹಾಕುತ್ತಾರೆ.

ಹುರುಳಿರುವ ಮಾತು ಯಾವುದು? ಅದನ್ನು ತಿಳಿಯಲು ನಮ್ಮ ಸೀಮೆಯ ಅನುಭವವನ್ನೇ ನೋಡಬೇಕು. ನಾಡಿನ ಬೆಳಕಿಗೂ ನೀರಿಗೂ ಕಾರ್ಖಾನೆಗೂ ನೆಲ ಕೊಟ್ಟ ಸೀಮೆ ಇದು. 1980ರ ದಶಕದ ಆರಂಭದಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ತುಂಬಿದಾಗ ಊರುಗಳು ಮುಳುಗಿದವು. ಕಾಲುವೆಯ ನೀರಿನಿಂದ ಶಹಾಪುರ, ಸುರಪುರಗಳ ಕೆಲವು ಭಾಗಗಳಲ್ಲಿ ಭತ್ತ ತೂಗಿದ್ದೂ ನಿಜ, ಮುಳುಗಿದವರ ಪಾಲಿಗೆ ಆ ಭತ್ತ ಬಾರದೆ ಹೋದದ್ದೂ ನಿಜ. ಯಾದಗಿರಿಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆಂದು ಮೂರು ಸಾವಿರಕ್ಕೂ ಹೆಚ್ಚು ಎಕರೆ ಜಮೀನು ಹೋಯಿತು. ಭೂಮಿ ಕೊಟ್ಟ ಮನೆಗಳ ಹುಡುಗರಿಗೆ ಉದ್ಯೋಗವೆಲ್ಲಿ ಎಂಬ ಪ್ರಶ್ನೆ, ಕಾರ್ಖಾನೆಗಳ ದುರ್ವಾಸನೆಯ ದೂರು ಅಲ್ಲಿ ಇನ್ನೂ ತಣ್ಣಗಾಗಿಲ್ಲ.

ಶಹಾಪುರ ತಾಲ್ಲೂಕಿನ ಗೋಗಿಯ ಸಂಗತಿಯಂತೂ ಇವೆಲ್ಲಕ್ಕಿಂತ ಬೇರೆ. ವಿಜಯಪುರದ ಆದಿಲಶಾಹಿ ಮನೆತನದ ಮೊದಲ ಅರಸರ ಗೋರಿಗಳಿರುವ, ಚಂದಾ ಹುಸೇನಿಯವರ ದರ್ಗಾಕ್ಕೆ ಎಲ್ಲ ಜಾತಿಯವರೂ ನಡೆದುಕೊಳ್ಳುವ ಆ ಊರಿನ ನೆಲದಡಿಯಲ್ಲಿ ಯುರೇನಿಯಂ ಇದೆಯೆಂದು ಅಣು ಖನಿಜಗಳ ಇಲಾಖೆ ಗುರುತಿಸಿತು. ಪರೀಕ್ಷಾ ಗಣಿಯ ಕೆಲಸವೂ ನಡೆಯಿತು. ನಮ್ಮ ಬಾವಿಯ ನೀರಿನ ಗತಿಯೇನು, ಕೆರೆಯ ಗತಿಯೇನು, ಹೊಟ್ಟೆಯಲ್ಲಿರುವ ಕೂಸಿನ ಗತಿಯೇನು ಎಂದು ಊರವರು ಕೇಳಿದರು. ಅಣುವಿದ್ಯುತ್ತಿನ ಪರವಾಗಿ ನಿಂತವರಿಗೆ ಆ ಪ್ರಶ್ನೆ ದೇಶದ ಪ್ರಗತಿಗೆ ಅಡ್ಡಿಯಾಗಿ ಕಂಡಿತು. ಗೋಗಿಯ ಬಾವಿಯಿಂದ ನೀರು ಸೇದುವ ತಾಯಿಗೆ ಅದು ನಿತ್ಯದ ಪ್ರಶ್ನೆ.

ಕಲ್ಲಿದ್ದಲಿನ ಮಾತನ್ನೂ ಆಡಬೇಕು. ನಮ್ಮ ಮನೆಗಳಲ್ಲಿ ಇಷ್ಟು ವರ್ಷ ದೀಪ ಉರಿದಿರುವುದರ ಹಿಂದೆ, 1985ರಲ್ಲಿ ಮೊದಲ ಘಟಕ ಆರಂಭಿಸಿ ಒಟ್ಟು 1,720 ಮೆಗಾವಾಟಿಗೆ ಬೆಳೆದ ರಾಯಚೂರಿನ ಶಕ್ತಿನಗರದ ಸ್ಥಾವರವಿದೆ. ಅದರ ಹಾರುಬೂದಿ ಬಿದ್ದದ್ದು ಅಕ್ಕಪಕ್ಕದ ಹಳ್ಳಿಗಳ ಅಂಗಳದಲ್ಲಿ, ನೀರು ಕುಡಿದದ್ದು ಕೃಷ್ಣೆಯಲ್ಲಿ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ಸ್ಥಾವರ ಏಳುವಾಗ, 2014ರ ಜುಲೈನಲ್ಲಿ, ಪ್ರತಿಭಟಿಸಿದ ರೈತರ ಮೇಲೆ ಗುಂಡು ಹಾರಿತು. ಯುರೇನಿಯಂ ಬೇಡ, ಕಲ್ಲಿದ್ದಲು ಬೇಡ, ಅಣೆಕಟ್ಟು ಬೇಡ, ಗಾಳಿಯೂ ಬೇಡ ಎಂದರೆ ನಿಮ್ಮ ಪಂಪಸೆಟ್ಟು ಯಾವುದರಿಂದ ತಿರುಗಬೇಕು ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಏಳು ಗಂಟೆಯ ತ್ರೀ ಫೇಸ್ ವಿದ್ಯುತ್ ಸರಿಯಾಗಿ ಬರಲಿಲ್ಲವೆಂದು ಜೆಸ್ಕಾಂ ಕಚೇರಿಯ ಮುಂದೆ ಕೂಗುವವರೂ ನಾವೇ ತಾನೆ. ಆದ್ದರಿಂದ ಗಾಳಿ ವಿದ್ಯುತ್ತಿಗೆ ಬಾಗಿಲು ಮುಚ್ಚಬೇಕೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಇರುವ ದಾರಿಗಳಲ್ಲಿ ಅದು ಕಡಿಮೆ ಹಾನಿಯ ದಾರಿ. ಸೌರಫಲಕದಂತೆ ಅದು ಇಡೀ ಹೊಲವನ್ನು ಮುಚ್ಚುವುದೂ ಇಲ್ಲ, ಯಂತ್ರದ ಬುಡದವರೆಗೂ ಕುಂಟೆ ಹೊಡೆಯಬಹುದು.

ಆದರೆ ಇಲ್ಲಿ ಒಂದು ತೊಡಕಿದೆ. ಕಲ್ಲಿದ್ದಲಿನ ಸ್ಥಾವರಕ್ಕಾಗಲಿ ಯುರೇನಿಯಂ ಗಣಿಗಾಗಲಿ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಮುಂಚಿತವಾಗಿ ಪರಿಸರ ಅನುಮತಿ ಬೇಕು. ಕಲ್ಲಿದ್ದಲಿನ ಸ್ಥಾವರವಾದರೆ ಅದಕ್ಕಾಗಿ ಸಾಮಾನ್ಯವಾಗಿ ಜಿಲ್ಲಾಡಳಿತದ ಸಮಕ್ಷಮ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಆ ಸಭೆಗಳು ಎಷ್ಟೋ ಕಡೆ ಶಾಸ್ತ್ರಕ್ಕೆ ನಡೆಯುತ್ತವೆಂಬುದನ್ನು ಎಲ್ಲರೂ ಬಲ್ಲರು. ಆದರೂ ಒಂದು ಶಾಮಿಯಾನ, ಒಂದು ಧ್ವನಿವರ್ಧಕ, ಹಳ್ಳಿಯವನು ಎದ್ದು ನಿಂತು ಮಾತನಾಡಿದರೆ ಬರೆದುಕೊಳ್ಳಬೇಕಾದ ಒಬ್ಬ ಅಧಿಕಾರಿ ಅಲ್ಲಿ ಇರುತ್ತಾರೆ. ಗಾಳಿ ವಿದ್ಯುತ್ ಯೋಜನೆಗಳು ಆ ಅಧಿಸೂಚನೆಯ ಪಟ್ಟಿಯಲ್ಲಿಯೇ ಇಲ್ಲ. ಅರಣ್ಯಭೂಮಿಯಾದರೆ ಅರಣ್ಯ ಕಾನೂನು ಅನ್ವಯಿಸುತ್ತದೆ. ಖಾಸಗಿ ಹೊಲವಾದರೆ ಊರನ್ನು ಒಟ್ಟಾಗಿ ಕೂರಿಸಿ ಕೇಳುವ ಪರಿಸರ ಅಹವಾಲಿನ ಕಟ್ಟಳೆ ಇಲ್ಲ. ಶುದ್ಧ ವಿದ್ಯುತ್ ಎಂಬ ಒಳ್ಳೆಯ ಹೆಸರು ಅಹವಾಲಿನ ಬಾಗಿಲನ್ನೇ ಮುಚ್ಚಿಬಿಟ್ಟಿದೆ. ವಿರೋಧ ಹುಟ್ಟುವುದು ಬಹುಮಟ್ಟಿಗೆ ಇಲ್ಲಿಯೇ. ಮೊದಲೇ ಕೇಳಿದ್ದರೆ ಷರತ್ತು ಹಾಕಿ ಒಪ್ಪುತ್ತಿದ್ದವರು, ಕೇಳದೆ ಬಂದುದರಿಂದ ದಾರಿಗೆ ಅಡ್ಡ ಕೂರುತ್ತಾರೆ.

ಕಪ್ಪತಗುಡ್ಡದ ಕತೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ರೈತರ ಬೆನ್ನಿಗೆ ನಿಂತು ಪೋಸ್ಕೋ ಉಕ್ಕಿನ ಕಾರ್ಖಾನೆಯನ್ನು ತಡೆದದ್ದು ನಾಡಿಗೆ ತಿಳಿದ ಸಂಗತಿ. 2015ರ ಡಿಸೆಂಬರಿನಲ್ಲಿ ಕಪ್ಪತಗುಡ್ಡಕ್ಕೆ ಸಂರಕ್ಷಿತ ಪ್ರದೇಶದ ಸ್ಥಾನ ದೊರೆಯಿತು. 2016ರ ನವೆಂಬರಿನಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆಗ ಶ್ರೀಗಳ ನೇತೃತ್ವದಲ್ಲಿ ಗದಗಿನಲ್ಲಿ ದೊಡ್ಡ ಚಳವಳಿ ನಡೆದು, 2017ರ ಏಪ್ರಿಲಿನಲ್ಲಿ ಸರಕಾರ ಆ ಸ್ಥಾನವನ್ನು ಮರಳಿ ಕೊಟ್ಟಿತು. 2018ರಲ್ಲಿ ಶ್ರೀಗಳು ಲಿಂಗೈಕ್ಯರಾದರು. ಮರುವರ್ಷ, 2019ರಲ್ಲಿ, ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಈ ಹೋರಾಟದ ಕಾಲದಲ್ಲಿ ಅದೇ ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಚಳವಳಿಯ ಗುರಿ ಅವಲ್ಲ, ಗಣಿ ಮತ್ತು ಕಾರ್ಖಾನೆ. ಜನರು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ವಿರೋಧಿಸುತ್ತಾರೆಂಬ ಆಪಾದನೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಆದರೆ ಗುಡ್ಡದ ನೆತ್ತಿಗೆ ಯಂತ್ರ ಏರಬೇಕಾದರೆ ಅಗಲವಾದ ದಾರಿಯೂ ಏರಬೇಕು. ದಾರಿಗಾಗಿ ಕಡಿದ ಇಳಿಜಾರಿನ ಮಣ್ಣು ಮಳೆಯಲ್ಲಿ ಇಳಿದು ಬರುತ್ತದೆ, ದಾರಿ ಇದ್ದ ಕಡೆಗೆ ಇನ್ನೆಲ್ಲವೂ ಹತ್ತುತ್ತದೆ.

ಹಕ್ಕಿಗಳ ಮಾತನ್ನು ಕೆಲವರು ಹಾಸ್ಯ ಮಾಡುವುದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಸಾತಾರಾ ಜಿಲ್ಲೆಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವು, ಗಾಳಿಯಂತ್ರಗಳಿರುವ ಜಾಗದಲ್ಲಿ ಹದ್ದು ಗಿಡುಗಗಳು ಯಂತ್ರವಿಲ್ಲದ ಜಾಗದಲ್ಲಿರುವುದರ ಸುಮಾರು ನಾಲ್ಕನೆಯ ಒಂದು ಪಾಲಿಗೆ ಇಳಿದಿರುವುದನ್ನೂ, ಅವುಗಳ ಭಯ ತಪ್ಪಿ ಓತಿಕ್ಯಾತಗಳು ಹೆಚ್ಚಿರುವುದನ್ನೂ ಕಂಡುಕೊಂಡಿತು. ನಮ್ಮ ಹೊಲಗಳಲ್ಲಿ ಇಲಿ ಹಿಡಿಯುವ ಗಿಡುಗ ಕಡಿಮೆಯಾದರೆ ಏನಾದೀತೆಂದು ಒಕ್ಕಲುತನ ಮಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸುರಪುರದ ಬೋನಾಳ ಕೆರೆಗೆ ಚಳಿಗಾಲದಲ್ಲಿ ದೂರದ ಸೀಮೆಗಳಿಂದ ಹಕ್ಕಿಗಳು ಬಂದಿಳಿಯುತ್ತವೆ. ಅವು ಬರುವ ದಾರಿಯಲ್ಲಿ ಕಂಬ ನಿಲ್ಲಿಸದಿರುವುದಕ್ಕೆ ಹೆಚ್ಚಿನ ಖರ್ಚಿಲ್ಲ, ಮೊದಲೇ ಯೋಚಿಸಿದರೆ ಸಾಕು. ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಅಂಚಿನ ಮೇಲೆ ಮೂರು ರೆಕ್ಕೆಯ ಕಂಬವೊಂದು ಎದ್ದರೆ ಹೇಗೆ ಕಂಡೀತು ಎಂಬುದನ್ನೂ ಕೇಳಬಹುದು. ಇದನ್ನು ಸೌಂದರ್ಯದ ಹುಚ್ಚು ಎನ್ನುವವರು ಎನ್ನಲಿ, ಆ ಬೆಟ್ಟವನ್ನು ನೋಡಲೆಂದು ಜನ ದೂರದಿಂದ ಬರುತ್ತಾರೆ.

ಈ ತಕರಾರು ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ನಾರ್ವೆ ದೇಶದ ಫೋಸೆನ್ ಎಂಬಲ್ಲಿ ಹಿಮಸಾರಂಗ ಮೇಯಿಸುವ ಸಾಮಿ ಜನರ ಹುಲ್ಲುಗಾವಲಿನಲ್ಲಿ 151 ಗಾಳಿಯಂತ್ರಗಳನ್ನು ನಿಲ್ಲಿಸಲಾಯಿತು. ಸಾಮಿಗಳು ನ್ಯಾಯಾಲಯಕ್ಕೆ ಹೋದರು. 2021ರ ಅಕ್ಟೋಬರಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ಆ ಜನರ ಸಂಸ್ಕೃತಿಯ ಹಕ್ಕಿಗೆ ಧಕ್ಕೆಯಾಗಿದೆ, ಪರವಾನಗಿ ಸಿಂಧುವಲ್ಲ ಎಂದು ತೀರ್ಪಿತ್ತಿತು. ತೀರ್ಪಿನ ನಂತರವೂ ಯಂತ್ರಗಳು ತಿರುಗುತ್ತಲೇ ಇದ್ದವು. 2023ರಲ್ಲಿ ಯುವಕರು ಮಂತ್ರಾಲಯದ ಬಾಗಿಲಲ್ಲಿ ಕುಳಿತರು, ಹವಾಮಾನಕ್ಕಾಗಿ ಹೋರಾಡುವ ಗ್ರೆಟಾ ಥನ್‌ಬರ್ಗ್ ಅವರೂ ಅವರೊಡನೆ ಕುಳಿತರು. ಡೆನ್ಮಾರ್ಕಿನವರು ಬೇರೆ ದಾರಿ ಹಿಡಿದಿದ್ದರು. ಕೋಪನ್‌ಹೇಗನ್ ಪಟ್ಟಣದ ಮುಂದಿನ ಕಡಲಲ್ಲಿ 2000ದಲ್ಲಿ ನಿಂತ 20 ಯಂತ್ರಗಳ ಅರ್ಧ ಒಡೆತನ ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘದ್ದು. 2009ರಿಂದ ಕೆಲವು ವರ್ಷಗಳ ಕಾಲ, ಹೊಸ ಗಾಳಿಯಂತ್ರದ ಐದನೆಯ ಒಂದು ಪಾಲನ್ನು ಸುತ್ತಮುತ್ತಲಿನ ನಿವಾಸಿಗಳಿಗೆ ಕೊಳ್ಳಲು ಮುಂದಿಡಬೇಕೆಂಬ ಕಾನೂನೇ ಅಲ್ಲಿತ್ತು. ತನ್ನದೂ ಪಾಲಿರುವ ಯಂತ್ರದ ಸದ್ದು ಕಿವಿಗೆ ಅಷ್ಟು ಕರ್ಕಶವಾಗಿ ಕೇಳಿಸದು.

ಈಗ ಲೆಕ್ಕಕ್ಕೆ ಬರೋಣ. ಮೂರು ಮೆಗಾವಾಟಿನ ಒಂದು ಯಂತ್ರ, ಗಾಳಿ ಏರಿಳಿಯುವುದನ್ನೆಲ್ಲ ಕಳೆದು, ತನ್ನ ಸಾಮರ್ಥ್ಯದ ನೂರಕ್ಕೆ 30 ಪಾಲು ದುಡಿಯಿತೆಂದು ಇಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 78 ಲಕ್ಷ ಯೂನಿಟ್ ವಿದ್ಯುತ್ ಹುಟ್ಟುತ್ತದೆ. ಯೂನಿಟ್ಟಿಗೆ ಮೂರೂವರೆ ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ ಎರಡು ಕೋಟಿ 70 ಲಕ್ಷ ರೂಪಾಯಿಗಳಿಗೂ ಮೇಲೆ. ಯಂತ್ರದ ಬೆಲೆ, ಸಾಲದ ಬಡ್ಡಿ, ನಿರ್ವಹಣೆ ಎಲ್ಲವೂ ಅದರಲ್ಲಿಯೇ ತೀರಬೇಕೆಂಬುದು ನಿಜ. ಆದರೂ ಕಾಗದ ಹಿಡಿದು ಬಂದವರು ‘ಗೌಡ್ರ, ಬರೀ ಎರಡು ಎಕರೆ, ಭೂಮಿ ನಿಮ್ಮದೇ ಇರ್ತದ’ ಎಂದು ಹೇಳುವಾಗ ಈ ಅಂಕಿ ನಮ್ಮ ತಲೆಯಲ್ಲಿರಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನಕ್ಕೆ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆ ಭೂಮಿಯನ್ನು ಕೊಳ್ಳದೆ ಗುತ್ತಿಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಬರದ ಸೀಮೆಯ ಜಮೀನುದಾರರಿಗೆ ಅದು ಆಸರೆಯಾಯಿತು. ಆದರೆ ಅದೇ ಹೊಲಗಳಲ್ಲಿ ಕಳೆ ತೆಗೆದು ಕಾಳು ಕಿತ್ತು ಬದುಕುತ್ತಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆಯ ಹಣವೂ ಇಲ್ಲ, ಕೂಲಿಯೂ ಇಲ್ಲ ಎಂಬಂತಾಯಿತು. ನಮ್ಮಲ್ಲಿಯೂ ಹೊಲವನ್ನು ಲಾವಣಿಗೆ, ಪಾಲಿಗೆ ಮಾಡುವವರ ಹೆಸರು ಕಾಗದದಲ್ಲಿ ಇರುವುದು ಅಪರೂಪ. ಗಾಯರಾಣದಲ್ಲಿ ಕುರಿ ಮೇಯಿಸುವವನಿಗಂತೂ ತೋರಿಸಲು ಕಾಗದವೇ ಇಲ್ಲ. ಊರ ಹೊರಗಿನ ತಾಂಡಾದವರು, ದೊಡ್ಡಿಗಳಲ್ಲಿ ಇರುವವರು ಗ್ರಾಮಸಭೆಗೆ ಬರುವುದು ಕಡಿಮೆ. ಯಂತ್ರ ನಿಲ್ಲುವುದು ಅವರ ಮನೆಗಳ ಮಗ್ಗುಲಲ್ಲಿ. ವಾಸದ ಮನೆಯಿಂದ 500 ಮೀಟರಿನೊಳಗೆ ಯಂತ್ರ ನಿಲ್ಲಿಸಬಾರದೆಂದು ಕೇಂದ್ರ ಇಲಾಖೆಯ 2016ರ ಮಾರ್ಗಸೂಚಿ ಹೇಳುತ್ತದೆ. ಹೊಲದಲ್ಲಿ ಮನೆ ಮಾಡಿಕೊಂಡಿರುವವರು ಈ ಅಂಕಿಯನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ನಮ್ಮದು ಕುಟುಂಬಗಳು ಓದುವ ಪತ್ರಿಕೆಯಾದ್ದರಿಂದ ಮನೆಯೊಳಗಿನ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ, ಅಣ್ಣತಮ್ಮಂದಿರ ವಾಟ್ನಿ ಬಾಯಿಮಾತಿನಲ್ಲಿ ಮುಗಿದಿದೆ, ಒಬ್ಬ ತಮ್ಮ ಪುಣೆಯಲ್ಲಿದ್ದಾನೆ. ಇಂಥ ಮನೆಗಳು ನಮ್ಮ ಮೂರೂ ತಾಲ್ಲೂಕುಗಳಲ್ಲಿ ಊರೂರಿಗೆ ಇವೆ. ಹೀಗಿರುವಾಗ ಹಿರಿಯಣ್ಣನೊಬ್ಬನೇ ಮುಂಗಡ ಪಡೆದು ಸಹಿ ಹಾಕಿದರೆ ಕಂಬ ಏಳುವ ಮೊದಲು ಮನೆ ಬೀಳುತ್ತದೆ. ಹೆಣ್ಣುಮಕ್ಕಳ ಹಕ್ಕನ್ನು ಮರೆಯುವಂತಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನ ಸಮನಾದ ಪಾಲನ್ನು ಕರ್ನಾಟಕ 1994ರಲ್ಲಿಯೇ ತಿದ್ದುಪಡಿಯಿಂದ ಕೊಡಮಾಡಿತ್ತು, ದೇಶಕ್ಕೆಲ್ಲ ಅನ್ವಯಿಸುವ ಕಾನೂನು 2005ರಲ್ಲಿ ಬಂತು, 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಕೊಟ್ಟ ಮನೆಯಿಂದ ತಂಗಿಯನ್ನು ಕರೆಸಿ, ಎದುರು ಕೂರಿಸಿ, ಕಾಗದ ಓದಿ ಹೇಳಿ ಸಹಿ ಪಡೆಯುವುದು ಮರ್ಯಾದೆಯೂ ಹೌದು, ಮುಂದೆ ಕೋರ್ಟಿನ ಮೆಟ್ಟಿಲು ಹತ್ತದಿರುವ ಉಪಾಯವೂ ಹೌದು. ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಭೂಮಿಯಾದರೆ 1978ರ ಕಾಯಿದೆ ಅಡ್ಡ ಬರುತ್ತದೆ. ಸರಕಾರದ ಪೂರ್ವಾನುಮತಿಯಿಲ್ಲದೆ ಅದನ್ನು ಮಾರುವುದಷ್ಟೇ ಅಲ್ಲ, ಗುತ್ತಿಗೆಗೆ ಕೊಡುವುದೂ ಸಲ್ಲದು.

ಕಾಗದ ಇಂಗ್ಲಿಷಿನಲ್ಲಿದ್ದರೆ ಕನ್ನಡದ ಪ್ರತಿ ಕೇಳಿರಿ, ಕೊಡದಿದ್ದರೆ ಸಹಿ ಬೇಡ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು, ಛಾಪಾ ಕಾಗದದ ಮೇಲಿನ ಬರಹ ಸಾಲದು. ಗುತ್ತಿಗೆಯ ಅವಧಿ ಎಷ್ಟು, ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಎಷ್ಟು ಏರುತ್ತದೆ, ಕಂಪನಿ ಇನ್ನೊಂದು ಕಂಪನಿಗೆ ಮಾರಿದರೆ ಬಾಡಿಗೆ ಕೊಡುವವರಾರು ಎಂಬುದು ಬರಹದಲ್ಲಿರಬೇಕು. ಗುತ್ತಿಗೆಯ ಹಕ್ಕನ್ನು ಬ್ಯಾಂಕಿಗೆ ಒತ್ತೆಯಿಟ್ಟು ಸಾಲ ಎತ್ತುವ ಅಧಿಕಾರವನ್ನು ಕಂಪನಿಗೆ ಬರೆದುಕೊಟ್ಟಿದ್ದೀರೋ ಹೇಗೆ ಎಂದು ತಿಳಿದ ವಕೀಲರಿಂದ ಓದಿಸಿರಿ. ನಂತರವೂ ಪಹಣಿಯ 11ನೆಯ ಕಲಂ ಆಗಾಗ ತೆಗೆಸಿ ನೋಡುತ್ತಿರಬೇಕು, ಋಣದ ಬರಹ ಬೀಳುವುದು ಅಲ್ಲಿಯೇ. ಸೊಸೈಟಿಯ ಬೆಳೆಸಾಲ ಬಾಕಿಯಿದ್ದರೆ ಮೊದಲೇ ಹೇಳಿಬಿಡುವುದು ಕ್ಷೇಮ.

ಎರೆ ಭೂಮಿಯವರಿಗೆ ಇನ್ನೊಂದು ಮಾತು. ಭಾರದ ವಾಹನಕ್ಕಾಗಿ ಗರಸು ಹಾಕಿ ಎತ್ತರಿಸಿದ ದಾರಿ ಹೊಲಗಳ ನಡುವೆ ಒಡ್ಡಿನಂತೆ ನಿಲ್ಲುತ್ತದೆ. ಹಸ್ತ, ಚಿತ್ತ ಮಳೆಯ ನೀರು ಹರಿಯುವ ಹಾದಿ ತಪ್ಪಿ ಮೇಲಿನ ಹೊಲದ ತೊಗರಿಯಲ್ಲಿ ನಿಂತರೆ ಬೇರು ಕೊಳೆಯುತ್ತದೆ. ಬಾಡಿಗೆ ಪಡೆಯುವವನು ಒಬ್ಬ, ತೊಗರಿ ಕಳೆದುಕೊಳ್ಳುವವನು ಇನ್ನೊಬ್ಬ. ದಾರಿಯಡಿ ನೀರು ಹಾಯುವ ಕೊಳವೆಗಳನ್ನು ಎಲ್ಲೆಲ್ಲಿ ಇಡಬೇಕೆಂಬುದು ಆ ಹೊಲದ ನೀರನ್ನು ಕಂಡವರಿಗೆ ಗೊತ್ತು, ನಕ್ಷೆ ಬರೆಯುವವರಿಗೆ ಗೊತ್ತಿರುವುದಿಲ್ಲ.

ಇಂಥ ಮಾತುಕತೆಗಳಲ್ಲಿ ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಚಹಾ ಮಾಡಲು ಒಳಗೆ ಕಳಿಸುವುದು ನಮ್ಮ ರೂಢಿ. ‘ಯಪ್ಪಾ, ಅದು ಹಳೇದಾದ ಮ್ಯಾಲ ಕಿತ್ತು ಒಯ್ಯೋರು ಯಾರು?’ ಎಂಬ ಪ್ರಶ್ನೆ ಬರುವುದು ಒಳಮನೆಯಿಂದಲೇ. ಯಂತ್ರದ ಆಯುಷ್ಯ ಸುಮಾರು 25 ವರ್ಷ. ಅದರ ಬುಡದಲ್ಲಿ ನೂರಾರು ಘನಮೀಟರ್ ಕಾಂಕ್ರೀಟ್ ಹೂತಿರುತ್ತದೆ. ಹಳೆಯ ಯಂತ್ರ ತೆಗೆದು ಹೊಸದನ್ನು ನಿಲ್ಲಿಸಲು ಕೇಂದ್ರ ಸರಕಾರ 2016ರಲ್ಲಿ ನೀತಿಯೊಂದನ್ನು ತಂದು 2023ರಲ್ಲಿ ಪರಿಷ್ಕರಿಸಿದೆ. ಆದರೆ ಹೊಸದನ್ನು ನಿಲ್ಲಿಸದೆ ಕಂಪನಿ ಹೊರಟುಹೋದರೆ ಆ ಕಾಂಕ್ರೀಟನ್ನು ಅಗೆದು, ಮಣ್ಣು ತುಂಬಿ, ಹೊಲವನ್ನು ಹೊಲವಾಗಿ ಮರಳಿ ಕೊಡುವ ಖರ್ಚು ಯಾರದು? ಅದಕ್ಕೆಂದು ಮೊದಲ ದಿನವೇ ಠೇವಣಿ ಇಡಿಸಿಕೊಳ್ಳಬೇಕೆಂಬ ಷರತ್ತು ಹಾಕುವ ಧೈರ್ಯ ಒಂದು ಮನೆಗೆ ಇರದು. ಊರಿಗೆ ಇರುತ್ತದೆ.

ಆದ್ದರಿಂದಲೇ ಗ್ರಾಮಸಭೆಯ ಮಾತು. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮಸಭೆ ಕರೆಯಲು ಯಾವ ಕಂಪನಿಯ ಅಪ್ಪಣೆಯೂ ಬೇಕಾಗಿಲ್ಲ. ಕಾನೂನು ಅಹವಾಲು ಸಭೆ ಕರೆಯದಿದ್ದರೆ ಊರೇ ಕರೆಯಲಿ. ಕಂಪನಿಯವರನ್ನು ಕೂರಿಸಿ, ನಕ್ಷೆ ಹಾಸಿ, ಯಾವ ಸರ್ವೆ ನಂಬರಿನಲ್ಲಿ ಕಂಬ, ಯಾವ ದಾರಿಯಲ್ಲಿ ವಾಹನ, ಯಾವ ಹೊಲದ ಮೇಲೆ ತಂತಿ ಎಂದು ಕೇಳಲಿ. ಭೂಮಿಯಿರುವ ನಾಲ್ಕು ಮನೆಗಳಿಗೆ ಬಾಡಿಗೆ ಬರುವಂತೆ ಊರಿಗೂ ಆದಾಯದಲ್ಲಿ ಒಂದು ಪಾಲು ಬರಲಿ, ಅದರಿಂದ ಶಾಲೆಯ ಕೋಣೆಯೋ ಕುಡಿಯುವ ನೀರೋ ಆಗಲಿ, ಕಾವಲು ಮತ್ತು ನಿರ್ವಹಣೆಯ ಕೆಲಸಕ್ಕೆ ಐಟಿಐ ಓದಿ ಮನೆಯಲ್ಲಿ ಕುಳಿತ ಹುಡುಗರು ಮೊದಲು ಸೇರಲಿ. ನಡಾವಳಿಯಲ್ಲಿ ಬರೆಸಿ ಸಹಿ ಮಾಡಿಸಿಕೊಂಡರೆ ನಾಳೆ ಜಿಲ್ಲಾಧಿಕಾರಿಗಳ ಮುಂದೆ ಇಡಲು ಒಂದು ಆಧಾರವಿರುತ್ತದೆ.

ಇದಕ್ಕೆಲ್ಲ ಕಾಲಾವಕಾಶ ಸಿಗುತ್ತದೆಯೇ ಎಂದರೆ, ಸಿಗುತ್ತದೆ. ಗಾಳಿಯಂತ್ರ ಒಮ್ಮೆಲೇ ಬರುವುದಿಲ್ಲ. ಮೊದಲು ಗಾಳಿ ಅಳೆಯುವ ತೆಳುವಾದ ಕಂಬವೊಂದು ಬಿಗಿಹಗ್ಗಗಳ ಆಸರೆಯಲ್ಲಿ ಯಾವುದೋ ಹೊಲದಲ್ಲಿ ನಿಲ್ಲುತ್ತದೆ. ಮುಂಗಾರು ಹಿಂಗಾರುಗಳೆರಡರ ಗಾಳಿಯನ್ನೂ ಅಳೆಯಬೇಕಾದ್ದರಿಂದ ವರ್ಷವಾದರೂ ಅದು ಅಲ್ಲಿರುತ್ತದೆ. ಮೊಬೈಲಿನ ಕಂಬವಿರಬೇಕೆಂದು ದನ ಕಾಯುವ ಹುಡುಗರು ಅದರ ನೆರಳಿನಲ್ಲಿ ಕೂರುತ್ತಾರೆ. ನಿಮ್ಮ ಊರ ಸೀಮೆಯಲ್ಲಿ ಅಂಥ ಕಂಬ ಕಂಡರೆ ಅಥವಾ ಗುತ್ತಿಗೆಯ ಕಾಗದ ಈಗಾಗಲೇ ಮನೆಗೆ ಬಂದಿದ್ದರೆ ನಮಗೊಂದು ಪತ್ರ ಬರೆಯಿರಿ. ಕಾಗದದ ಪ್ರತಿ ಕಳಿಸಿದರೆ ಹೆಸರು, ಸರ್ವೆ ನಂಬರುಗಳನ್ನು ತೆಗೆದು, ಬಲ್ಲ ವಕೀಲರ ಅಭಿಪ್ರಾಯದೊಂದಿಗೆ ಇದೇ ಅಂಕಣದಲ್ಲಿ ಚರ್ಚಿಸುತ್ತೇವೆ.